ಏಳನೇ ಮಂಚದ ತಾಟು

ಆಕ್ಸಿಜನ್ ಸಿಲಿಂಡರಿನ ಚಾವಿ ತಿರುಗಿಸುವುದನ್ನು ಸುಭಾನಬಿ ಯಾವ ಕಾಲೇಜಿನಲ್ಲೂ ಕಲಿತವಳಲ್ಲ. ಸಿಂಧನೂರಿನ ಗಂಗಾವತಿ ರಸ್ತೆಯ ಒಂದು ತಗಡಿನ ಶೆಡ್ಡಿನಲ್ಲಿ, ಗಂಡ ಶಾವಲಿಯ ಗ್ಯಾಸ್ ವೆಲ್ಡಿಂಗ್ ಅಂಗಡಿಯಲ್ಲಿ ಕಲಿತಳು. ಭತ್ತದ ಕೊಯ್ಲು ಶುರುವಾಯಿತೆಂದರೆ ಗೊರೇಬಾಳ, ಸಾಲಗುಂದದ ಗದ್ದೆಗಳಿಂದ ಮುರಿದ ಹಾರ್ವೆಸ್ಟರ್ ಮಷೀನುಗಳು ಬಂದು ಆ ಶೆಡ್ಡಿನ ಮುಂದೆ ಸಾಲು ಹಚ್ಚುತ್ತಿದ್ದವು. ಶಾವಲಿಗೆ ಇದ್ದದ್ದು ಎರಡೇ ಕೈ. ಇನ್ನೆರಡು ಕೈ ಸುಭಾನಬಿಯದಾದವು. ಎದೆಯೆತ್ತರದ ಸಿಲಿಂಡರನ್ನು ಓರೆ ಮಾಡಿ, ತಳದ ಅಂಚಿನ ಮೇಲೆ ಗರಗರನೆ ಉರುಳಿಸಿಕೊಂಡು ಹೋಗುವುದನ್ನು ಆಕೆ ಇಪ್ಪತ್ತರ ವಯಸ್ಸಿಗೇ ಕಲಿತಿದ್ದಳು.

ಮನೆಯ ಮಾತು ದಖನಿ, ಅಂಗಡಿಯ ಮಾತು ಕನ್ನಡ. ಶಾವಲಿ ಹೇಳಿಕೊಡುತ್ತಿದ್ದ ಪಾಠವೂ ಕನ್ನಡದಲ್ಲೇ.

"ಸಾವಕಾಶ ತಗೀ. ಇದು ನಳಾ ಅಲ್ಲ, ಹುಲಿ. ಮತ್ತ ಎಣ್ಣೀ ಕೈಲೆ ಮುಟ್ಟೀ ಅಂದ್ರ ಭಗ್ ಅಂತ ಹತ್ತಿಕೊಂಡು ಅಂಗಡೀನೂ ಇರಂಗಿಲ್ಲ, ಅಂಗಡಿಯವನೂ ಇರಂಗಿಲ್ಲ."

"ಅಂಗಡಿಯವನ ಹೇಣ್ತಿ?"

"ಆಕಿ ಉಳೀತಾಳ. ಹೇಣ್ತ್ಯಾರಿಗೆ ಏನೂ ಆಗಂಗಿಲ್ಲ."

ಆಕೆ ಉಳಿದಳು. ಅಂಗಡಿ ಉಳಿಯಲಿಲ್ಲ. ಇಪ್ಪತ್ತೈದು ವರ್ಷ ಬೆಂಕಿಯ ಬೆಳಕು ನೋಡಿದ ಶಾವಲಿಯ ಕಣ್ಣು ಒಂದೊಂದಾಗಿ ಮಂಜಾದವು. ಶೆಡ್ಡಿಗೆ ಬೀಗ ಬಿತ್ತು. ನಲವತ್ತಾರನೇ ವಯಸ್ಸಿನಲ್ಲಿ ಸುಭಾನಬಿ ಊರಿನ ಒಂದು ಖಾಸಗಿ ದವಾಖಾನೆಗೆ ಆಯಾ ಆಗಿ ಸೇರಿದಳು. ನೆಲ ಒರೆಸುವುದು, ಪಾತ್ರೆ ಹಿಡಿಯುವುದು, ರೋಗಿಗಳ ಮಗ್ಗಲು ಬದಲಿಸುವುದು. ಅಲ್ಲಿ ಯಾರೂ ಆಕೆಯನ್ನು ನಿನಗೆ ಬೇರೆ ಏನು ಬರುತ್ತದೆ ಎಂದು ಕೇಳಲಿಲ್ಲ. ನೆಲ ಒರೆಸುವವಳಿಗೆ ನೆಲ ಒರೆಸುವುದಷ್ಟೇ ಬರುತ್ತದೆ ಎಂಬುದು ನಮ್ಮ ದೊಡ್ಡವರ ಗಟ್ಟಿ ನಂಬಿಕೆ.

೨೦೨೦ರ ಮಾರ್ಚ್ ತಿಂಗಳ ಆ ಭಾನುವಾರ ಸಂಜೆ ಐದಕ್ಕೆ ಆಕೆ ಡ್ಯೂಟಿ ಮುಗಿಸಿ ತನ್ನ ಗಲ್ಲಿಯ ಬಾಯಿಗೆ ಬಂದರೆ, ಗಲ್ಲಿಗೆ ಗಲ್ಲಿಯೇ ಬಾಗಿಲಲ್ಲಿ ನಿಂತಿತ್ತು. ತಾಟು, ಗಂಟೆ, ಕುಕ್ಕರಿನ ಮುಚ್ಚಳ, ಏನು ಸಿಕ್ಕಿತೋ ಅದನ್ನೇ ಬಡಿಯುತ್ತಿದ್ದರು.

"ಏನಾತ್ರೀ? ಯಾರ ಮನ್ಯಾಗ ಏನಾತು?" ಸುಭಾನಬಿ ಗಾಬರಿಯಾಗಿ ಕೇಳಿದಳು.

ಎದುರು ಮನೆಯ ವೀರಭದ್ರಮ್ಮ ನಕ್ಕಳು. "ಯಾರಿಗೂ ಏನೂ ಆಗಿಲ್ಲಬೇ. ನಿನಗ ಬಡ್ಯಾಕತ್ತೀವಿ! ದವಾಖಾನಿಯವರಿಗೆ!"

"ನನಗಾ? ಹಂಗಾದ್ರ ಇನ್ನೊಂದೀಟು ಜೋರ ಬಡೀರೀ, ನಮ್ಮ ಮನ್ಯಾವ್ರಿಗೂ ಕೇಳ್ಲಿ. ನನ್ನ ಕಿಮ್ಮತ್ತು ಅವರಿಗೂ ಗೊತ್ತಾಗ್ಲಿ."

ಗಲ್ಲಿ ನಕ್ಕಿತು, ಆಕೆಯೂ ನಕ್ಕಳು. ಸುಳ್ಳು ಹೇಳಬಾರದು, ಆ ಸಂಜೆ ಆಕೆಗೆ ಖುಷಿಯಾಗಿತ್ತು. ಜೀವಮಾನದಲ್ಲಿ ಯಾರೂ ಆಕೆಗೆ ಚಪ್ಪಾಳೆ ತಟ್ಟಿರಲಿಲ್ಲ.

ಎರಡು ವಾರ ಕಳೆಯಲಿಲ್ಲ. ಬೀದಿ ನಳದ ಪಾಳಿಯಲ್ಲಿದ್ದ ಆಕೆಯ ಕೊಡವನ್ನು ಅದೇ ವೀರಭದ್ರಮ್ಮ ಕೋಲಿನಿಂದ ಪಕ್ಕಕ್ಕೆ ಸರಿಸಿದಳು.

"ಸಿಟ್ಟಾಗಬ್ಯಾಡ ಸುಭಾನಾ. ನೀ ನಳಾ ಮುಟ್ಟಬ್ಯಾಡ. ಕೊಡ ಅಲ್ಲೇ ಇಟ್ಟು ದೂರ ನಿಂದ್ರು."

"ಮೊನ್ನಿ ತಾಟು ಬಡದಿದ್ದು ಇದಽ ಕೈ ಅಲ್ಲೇನ್ರೀ?"

"ಹೌದಬೇ, ಇದಽ ಕೈ. ಇದಽ ಕೈಯಾಗ ಮೂರು ತಿಂಗಳ ಕೂಸನ್ನೂ ಎತ್ತಿಕೋಬೇಕಲ್ಲ, ನಾ ಏನ್ ಮಾಡ್ಲಿ?"

ಆ ಮೇಲೆ ಎರಡು ತಿಂಗಳು ವೀರಭದ್ರಮ್ಮ ದಿನಾಲೂ ತಾನೇ ಎರಡು ಕೊಡ ತುಂಬಿ ಸುಭಾನಬಿಯ ಹೊಸ್ತಿಲ ಹೊರಗೆ ಇಟ್ಟು ಓಡಿಹೋಗುತ್ತಿದ್ದಳು. ಇದನ್ನು ದಯೆ ಎನ್ನಬೇಕೋ ಹೆದರಿಕೆ ಎನ್ನಬೇಕೋ ಸುಭಾನಬಿಗೆ ಇಂದಿಗೂ ಇತ್ಯರ್ಥವಾಗಿಲ್ಲ. ಕೊಡ ಮಾತ್ರ ಒಂದು ದಿನವೂ ಖಾಲಿ ಇರಲಿಲ್ಲ. ಗಲ್ಲಿಯ ಉಳಿದ ಇಪ್ಪತ್ತು ಮನೆಗಳು ಆ ಎರಡು ತಿಂಗಳು ಆಕೆಯ ಮುಖವನ್ನೇ ನೋಡಲಿಲ್ಲ. ಇಪ್ಪತ್ತೂ ಮನೆಯಲ್ಲಿ ತಾಟುಗಳಿದ್ದವು, ಆ ಭಾನುವಾರ ಇಪ್ಪತ್ತೂ ಮೊಳಗಿದ್ದವು.

ಮರುವರ್ಷದ ಏಪ್ರಿಲ್ಲಿಗೆ ಕೊರೊನಾದ ಎರಡನೇ ಅಲೆ ಬಂತು. ದೊಡ್ಡ ದವಾಖಾನೆಗಳಲ್ಲಿ ಮಂಚ ಸಿಗದೆ ಮಸ್ಕಿ, ಲಿಂಗಸುಗೂರಿನ ಜನ ಆಟೋದಲ್ಲಿ ಮಲಗಿಕೊಂಡೇ ಊರೂರು ತಿರುಗುತ್ತಿದ್ದರು. ಆಗ ಮಸ್ಕಿ ರಸ್ತೆಯಲ್ಲಿದ್ದ ಒಂದು ಮದುವೆ ಮಂಟಪವನ್ನು ನಾಲ್ಕಾರು ದಾನಿಗಳು ಸೇರಿ ಕೋವಿಡ್ ಸೆಂಟರ್ ಮಾಡಿದರು. ಮೂವತ್ತು ಮಂಚ, ಅದರಲ್ಲಿ ಹನ್ನೆರಡಕ್ಕೆ ಆಕ್ಸಿಜನ್. ವಧೂವರರನ್ನು ಕೂಡಿಸುವ ವೇದಿಕೆಯ ಮೇಲೆ ಹೆಚ್ಚಿನ ಸಿಲಿಂಡರುಗಳನ್ನು ಸಾಲಾಗಿ ನಿಲ್ಲಿಸಿ, ಆ ಹನ್ನೆರಡು ಮಂಚಗಳ ಪಕ್ಕಕ್ಕೆ ಒಂದೊಂದನ್ನು ಇಟ್ಟರು. ಹಿಂದಿನ ಗೋಡೆಯ ಮೇಲೆ ಯಾವುದೋ ಹಳೆಯ ಮದುವೆಯ ಥರ್ಮಾಕೋಲ್ ಅಕ್ಷರಗಳು ಹಾಗೇ ಅಂಟಿಕೊಂಡಿದ್ದವು. ಡಾಕ್ಟರು ದಿನಕ್ಕೆ ಎರಡು ಸಲ ಬರುತ್ತಿದ್ದರು. ಉಳಿದ ಹೊತ್ತೆಲ್ಲ ಶೈಲಜಾ ಸಿಸ್ಟರ್ ಒಬ್ಬಳೇ. ಸುಭಾನಬಿ ಅಲ್ಲಿಗೂ ಆಯಾ ಆಗಿಯೇ ಬಂದಳು.

ಮೊದಲ ದಿನ ಸಿಲಿಂಡರ್ ಬದಲಿಸಲು ಮಂಟಪದ ಮ್ಯಾನೇಜರು ನಟ್ಟು ಬಿಗಿಯುವ ಪಾನಾ ಹಿಡಿದುಕೊಂಡು ನಿಂತಿದ್ದ. ಎತ್ತ ತಿರುಗಿಸಬೇಕೋ ಗೊತ್ತಿಲ್ಲ. ಸುಭಾನಬಿ ಕಸಬರಿಗೆ ಕೆಳಗಿಟ್ಟು, ಕೈ ಸೋಪಿನಿಂದ ತೊಳೆದು, ಅವನ ಕೈಯಿಂದ ಪಾನಾ ತೆಗೆದುಕೊಂಡಳು. ಹೊಸ ಸಿಲಿಂಡರನ್ನು ಒಮ್ಮೆ ಉಸ್ಸೆನಿಸಿ ಬಾಯಿಯ ಧೂಳು ಹಾರಿಸಿದಳು, ರೆಗ್ಯುಲೇಟರ್ ಕೂಡಿಸಿದಳು, ಸಂದಿಗೆ ಸೋಪಿನ ನೊರೆ ಹಚ್ಚಿ ಗಾಳಿ ಸೋರುತ್ತದೆಯೋ ನೋಡಿದಳು. ಸೋರಲಿಲ್ಲ. ಶೈಲಜಾ ಬೆರಗಾದಳು.

"ಯಾವ ಟ್ರೇನಿಂಗ್ ಮಾಡೀಯವ್ವ ನೀನು?"

"ಹಾರ್ವೆಸ್ಟರ್ ಟ್ರೇನಿಂಗ್ ಸಿಸ್ಟರ್. ಅದು ಕೆಮ್ಮಂಗಿಲ್ಲ, ಅಷ್ಟ ಫರಕು."

ಅಂದಿನಿಂದ ಹನ್ನೆರಡು ಜನರ ಉಸಿರು ಆಕೆಯ ಕೈಗೆ ಬಂತು. ಸಂಬಳ ಕಸಬರಿಗೆಯದೇ ಉಳಿಯಿತು.

ಒಂದು ತೊಡಕಿತ್ತು. ಸಿಲಿಂಡರ್ ಮುಗಿಯುತ್ತಾ ಬಂದರೆ ಹೇಳುವವರು ಯಾರು? ಮಾಸ್ಕಿನೊಳಗಿನ ರೋಗಿಗೆ ಕೂಗಲಾಗದು. ಕರೆಗಂಟೆ ಇಲ್ಲ. ಇದಕ್ಕೂ ಸುಭಾನಬಿಯೇ ದಾರಿ ಹುಡುಕಿದಳು. ಮಂಟಪದ ಉಗ್ರಾಣದಲ್ಲಿ ಊಟದ ಸ್ಟೀಲ್ ತಾಟುಗಳು ನೂರಾರು ಬಿದ್ದಿದ್ದವು. ಹನ್ನೆರಡು ತಾಟು, ಹನ್ನೆರಡು ಚಮಚ ತಂದು ಮಂಚಕ್ಕೊಂದರಂತೆ ಇಟ್ಟಳು.

"ಉಸಿರು ಬಿಗೀತು ಅಂದ್ರ ಮೂರು ಸಲ ಬಡೀರಿ. ನಾ ಎಲ್ಲಿದ್ರೂ ಬರ್ತೀನಿ. ಆದ್ರ ಚಾ ಬೇಕು, ಮಗಾ ಫೋನ್ ಮಾಡಿಲ್ಲ ಅಂತ ಬಡದ್ರ ತಾಟು ಕಸಗೋತೀನಿ ಮತ್ತ."

ಮೂರು ವಾರ ಈ ತಾಟುಗಳೇ ಆ ಮಂಟಪವನ್ನು ಕಾಯ್ದವು. ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದರೂ ಟಣ್ ಟಣ್ ಟಣ್ ಎಂಬ ಸದ್ದಿನಿಂದಲೇ ಯಾವ ಮೂಲೆಯ ಮಂಚ ಎಂದು ಆಕೆಗೆ ತಿಳಿಯುತ್ತಿತ್ತು. ಎಲ್ಲರಿಗಿಂತ ಹೆಚ್ಚು ತಾಟನ್ನು ನೆಚ್ಚಿಕೊಂಡದ್ದು ಏಳನೇ ಮಂಚ. ಅಲ್ಲಿನ ಗೇಜಿನ ಮುಳ್ಳು ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಸಿಲಿಂಡರ್ ತುಂಬಿದ್ದರೂ ಅರ್ಧ, ಬರಿದಾದರೂ ಅರ್ಧ. ಹೊಸ ಗೇಜ್ ಬೇಕೆಂದು ಸುಭಾನಬಿ ಐದು ಸಲ ಹೇಳಿದ್ದಳು. ಮ್ಯಾನೇಜರು ಐದು ಸಲವೂ "ನಾಳೆ" ಅಂದಿದ್ದ.

ಏಳನೇ ಮಂಚದಲ್ಲಿದ್ದವಳು ಸಾಲಗುಂದದ ಶೇಖರಮ್ಮ. ಐವತ್ತೈದರ ಹೆಂಗಸು, ತಲೆಯ ಮೇಲೆ ಬುಟ್ಟಿ ಹೊತ್ತು ಪಲ್ಯ ಮಾರುವವಳು, ಬಾಯಿ ಜೋರು. ಜೊತೆಗೆ ಯಾರೂ ಇರಲಿಲ್ಲ. ಮನೆಯವರೆಲ್ಲ ಊರಿನಲ್ಲಿ ಅದೇ ಜ್ವರದಲ್ಲಿ ಬಿದ್ದಿದ್ದರು. ಮಾಸ್ಕು ಸರಿಸಿ ಎರಡೆರಡೇ ಶಬ್ದದಲ್ಲಿ ಆಕೆ ಜಗಳ ತೆಗೆಯುತ್ತಿದ್ದಳು.

"ನೀ ಮನೀಗೆ... ಹೋಗಂಗಿಲ್ಲೇನು?"

"ನೀ ಹೋಗು ಮೊದಲ. ನಿನ್ನ ಕಳಿಸೇ ನಾ ಹೋಗಾಕಿ. ಮಾಸ್ಕ್ ಹಾಕ್ಕೋ, ಬಾಯಿ ಮುಚ್ಚು."

ಮೇ ಹನ್ನೆರಡು, ದಾದಿಯರ ದಿನ. ಸಂಗನಬಸವ ಎಂಬ ಮುಖಂಡ ಸಂಜೆ ನಾಲ್ಕಕ್ಕೆ ಬಂದು ಸೆಂಟರಿನವರಿಗೆ ಸನ್ಮಾನ ಮಾಡುತ್ತಾನೆ ಎಂದು ಸುದ್ದಿ ಬಂತು. ಊರಲ್ಲಿ ಲಾಕ್‌ಡೌನ್ ಬಿಗಿಯಾಗಿತ್ತು. ಔಷಧಿಗೆ ಹೊರಟವರಿಗೆ ಲಾಠಿ ಬೀಳುತ್ತಿತ್ತು, ಸನ್ಮಾನಕ್ಕೆ ಹೊರಟವರಿಗೆ ದಾರಿ ಬಿಡುತ್ತಿದ್ದರು. ಹಾಗೆಂದು ಸಂಗನಬಸವನ ಬಗ್ಗೆ ಅನ್ಯಾಯದ ಮಾತು ಆಡಬಾರದು. ಸೆಂಟರಿನ ಊಟದ ಅಕ್ಕಿ ಅವನದೇ ಆಗಿತ್ತು. ಆದರೆ ಅಕ್ಕಿ ಕೊಡುವಾಗ ವಿಡಿಯೋ ಚೆನ್ನಾಗಿ ಬಂದಿರಲಿಲ್ಲ.

"ಎಲ್ಲಾರೂ ಹೊರಗ ಲೈನಿಗೆ ನಿಂದ್ರಬೇಕು. ಐದು ನಿಮಿಷದ ಕೆಲಸ," ಎಂದ ಮ್ಯಾನೇಜರು.

"ಒಳಗ ಯಾರಿರ್ತಾರ್ರೀ?" ಸುಭಾನಬಿ ಕೇಳಿದಳು.

"ಬಾಗಿಲಾ ತಗದಽ ಇರ್ತೈತಿ. ತಾಟು ಕೇಳಿದ್ರ ಓಡಿಹೋಗು."

"ಹಂಗಾದ್ರ ಒಂದು ಮಾತು. ಚಪ್ಪಾಳಿ ಹೊಡೀಲಿ, ಹೂವು ಹಾಕ್ಲಿ, ಏನರೆ ಮಾಡ್ಲಿ. ತಾಟು ಮಾತ್ರ ಬಡೀಬಾರದು. ಹೇಳ್ರಿ ಅವರಿಗೆ."

"ಆತಬೇ, ಹೇಳ್ತೀನಿ."

ಅವನು ಹೇಳಲಿಲ್ಲ. ಮರೆತನೋ, ದೊಡ್ಡವರಿಗೆ ಹೇಗೆ ಹೇಳುವುದೆಂದು ಬಿಟ್ಟನೋ, ಅವನಿಗೇ ಗೊತ್ತು.

ನಾಲ್ಕಕ್ಕೆ ಬರಬೇಕಾದವನು ನಾಲ್ಕೂ ಮುಕ್ಕಾಲಾದರೂ ಬರಲಿಲ್ಲ. ಮೇ ತಿಂಗಳ ಬಿಸಿಲು. ಶೈಲಜಾ ಮೈತುಂಬ ಪ್ಲಾಸ್ಟಿಕ್ಕಿನ ಕಿಟ್ ಹಾಕಿಕೊಂಡು ನಿಂತಿದ್ದಳು, ಅದರೊಳಗೆ ಬೆವರು ಕಾಲಿಗಿಳಿಯುತ್ತಿತ್ತು. ಸುಭಾನಬಿ ಎರಡು ಸಲ ಒಳಗೆ ಹೋಗಿ ಬಂದಳು. ಮೂರನೇ ಸಲ ಹೊರಟಾಗ ಮ್ಯಾನೇಜರು "ಬಂದ್ರು, ಬಂದ್ರು, ನಿಂದ್ರು" ಎಂದು ತಡೆದ.

ಮೂರು ಗಾಡಿಗಳು ಬಂದವು. ಇಳಿದವರು ಮೂವತ್ತು ಜನರ ಮೇಲಿದ್ದರು. ಕೆಲವರು ಸಂಗನಬಸವನ ಬಳಗದವರು. ಉಳಿದವರು ಮಾರ್ಕೆಟ್ಟಿನ ಹಮಾಲರು. ಭತ್ತದ ಮಾರ್ಕೆಟ್ ಬಂದಾಗಿ ಕೆಲಸವಿಲ್ಲದೆ ಕೂತವರನ್ನು ಊಟದ ಪ್ಯಾಕೆಟ್ ಕೊಡುತ್ತೇವೆಂದು ಕರೆತಂದಿದ್ದರು. ಎಲ್ಲರ ಕೈಯಲ್ಲೂ ಒಂದೊಂದು ಹೊಸ ತಾಟು.

ಸಂಗನಬಸವ ದೀಪ ಹಚ್ಚಿದ. ಎಣ್ಣೆ ಕೈಯನ್ನು ಕರವಸ್ತ್ರಕ್ಕೆ ಒರೆಸಿಕೊಂಡು ಹಾರ ಎತ್ತಿದ. ಮೊಬೈಲ್ ಹಿಡಿದವನು "ಹೂಂ, ಚಾಲೂ" ಎಂದ. ಮೂವತ್ತು ತಾಟುಗಳು ಒಮ್ಮೆಗೇ ಮೊಳಗಿದವು.

ಹಾರ ಹಾಕಿಸಿಕೊಳ್ಳಲು ಬಾಗಿದ್ದ ಸುಭಾನಬಿಯ ಕಿವಿಯೊಳಗೆ ಕತ್ತಲೆ ಕವಿದಂತಾಯಿತು. ಮೂರು ವಾರದಿಂದ ಯಾವ ಸದ್ದಿಗೆ ಆಕೆಯ ಕಾಲು ತಾನಾಗಿ ಓಡುತ್ತಿತ್ತೋ ಅದೇ ಸದ್ದು ನಾಲ್ಕೂ ಕಡೆಯಿಂದ ಬರುತ್ತಿತ್ತು. ಒಳಗಿನದು ಯಾವುದು, ಹೊರಗಿನದು ಯಾವುದು?

"ಬಡೀಬ್ಯಾಡ್ರೀ! ತಾಟು ಬಡೀಬ್ಯಾಡ್ರೀ!" ಎಂದು ಕೂಗಿದಳು. ಎರಡು ಮಾಸ್ಕಿನ ಹಿಂದಿನ ಕೂಗು ಯಾರಿಗೆ ಕೇಳಬೇಕು? ಖುಷಿಗೆ ಕೂಗುತ್ತಿದ್ದಾಳೆ ಎಂದುಕೊಂಡು ಇನ್ನೂ ಜೋರಾಗಿ ಬಡಿದರು. ಆಕೆ ಹಾರವನ್ನು ತಳ್ಳಿ ಒಳಗೆ ಓಡಿದಳು.

ಒಳಗೆ ಅದಕ್ಕಿಂತ ದೊಡ್ಡ ಅನಾಹುತವಾಗಿತ್ತು. ಆ ವಾರವಿಡೀ ಎಲ್ಲರ ಮೊಬೈಲಿಗೂ ಬರುತ್ತಿದ್ದುದು ಅಲ್ಲಿ ಆಕ್ಸಿಜನ್ ಮುಗಿಯಿತು, ಇಲ್ಲಿ ಮುಗಿಯಿತು ಎಂಬ ಸುದ್ದಿಯೇ. ತಾಟು ಬಡಿದರೆ ಉಸಿರು ಮುಗಿಯುತ್ತಿದೆ ಎಂದು ಅರ್ಥಮಾಡಿಕೊಂಡಿದ್ದ ಆ ಮಂಟಪದ ರೋಗಿಗಳು, ಮೂವತ್ತು ತಾಟು ಒಟ್ಟಿಗೆ ಮೊಳಗಿದ್ದನ್ನು ಕೇಳಿ ಇಡೀ ಮಂಟಪದ ಆಕ್ಸಿಜನ್ನೇ ಮುಗಿಯಿತೆಂದುಕೊಂಡಿದ್ದರು. ಒಬ್ಬ ಬಡಿಯಲು ಶುರು ಮಾಡಿದ, ಪಕ್ಕದವನು ಬಡಿದ, ಸಾಲಿಗೆ ಸಾಲೇ ಬಡಿಯಿತು. ಮಾಸ್ಕ್ ಕಿತ್ತು ಎದ್ದು ಕೂತವರು, ಅಳುವವರು. ಎರಡನೇ ಮಂಚದವನು ಆಕೆಯ ಸೆರಗು ಹಿಡಿದ.

"ಯಕ್ಕಾ, ನನಗ ಮೊದಲ ಹಚ್ಚು, ನನಗ ಮೊದಲ!"

ಅವನ ಗೇಜಿನಲ್ಲಿ ಮುಳ್ಳು ಮುಕ್ಕಾಲಿನ ಮೇಲಿತ್ತು. ಸುಭಾನಬಿ ಸೆರಗು ಬಿಡಿಸಿಕೊಂಡಳು. ವೇದಿಕೆಯ ಮೇಲೆ ತುಂಬಿದ ಸಿಲಿಂಡರ್ ಇದ್ದದ್ದು ಎರಡೇ. ಹೊಸ ಲೋಡು ಇನ್ನೂ ದಾರಿಯಲ್ಲಿತ್ತು. ಯಾರಿಗೆ ಬೇಕು? ಎಲ್ಲರೂ ಬಡಿಯುತ್ತಿದ್ದಾರೆ. ಆಕೆ ನಡುವೆ ನಿಂತು ಒಂದೊಂದೇ ಮಂಚದ ಮೇಲೆ ಕಣ್ಣು ಹಾಯಿಸಿದಳು. ಆಗ ಹೊಳೆಯಿತು. ಬಡಿಯುವ ಕೈಯಲ್ಲಿ ಇನ್ನೂ ಉಸಿರಿದೆ. ಬಡಿಯದವರು ಯಾರು?

ಏಳನೇ ಮಂಚದ ತಾಟು ನೆಲದ ಮೇಲೆ ಬೋರಲು ಬಿದ್ದಿತ್ತು. ಶೇಖರಮ್ಮನ ಕೈ ಮಂಚದಿಂದ ಕೆಳಗೆ ಜೋತಿತ್ತು. ಗೇಜಿನ ಸುಳ್ಳು ಮುಳ್ಳು ಅರ್ಧ ತೋರಿಸುತ್ತಿತ್ತು. ಆಕ್ಸಿಜನ್ ಹಾದುಬರುವ ನೀರಿನ ಬಾಟಲಿಯಲ್ಲಿ ಒಂದು ಗುಳ್ಳೆಯೂ ಏಳುತ್ತಿರಲಿಲ್ಲ. ತುಟಿ ನೇರಳೆಯಾಗಿತ್ತು. ಎಷ್ಟು ಸಲ ಬಡಿದಿದ್ದಳೋ, ಹೊರಗಿನ ಗೌರವದ ಗದ್ದಲ ಅಷ್ಟನ್ನೂ ನುಂಗಿ ಹಾಕಿತ್ತು.

ಸುಭಾನಬಿ ಸಿಲಿಂಡರನ್ನು ಓರೆ ಮಾಡಿ ಉರುಳಿಸಿದಳು. ಸಾವಕಾಶ, ಸಾವಕಾಶ ಎಂದು ತನಗೇ ಹೇಳಿಕೊಂಡಳು. ಬಾಯಿಯ ಧೂಳು ಹಾರಿಸಿದಳು, ಕೂಡಿಸಿದಳು, ಬಿಗಿದಳು, ತೆರೆದಳು. ಬಾಟಲಿಯಲ್ಲಿ ಒಂದು ಗುಳ್ಳೆ ಎದ್ದಿತು, ಹಿಂದೆಯೇ ಹತ್ತು, ಆಮೇಲೆ ನೀರೆಲ್ಲ ಕುದಿದಂತೆ. ಅಷ್ಟರಲ್ಲಿ ಶೈಲಜಾ ಓಡಿ ಬಂದು ಶೇಖರಮ್ಮನ ತಲೆ ಎತ್ತಿ ಹಿಡಿದಿದ್ದಳು. ಆಕ್ಸಿಜನ್ ಅಳೆಯುವ ಬೆರಳಿನ ಮಷೀನು ನಲವತ್ತೊಂಬತ್ತು ತೋರಿಸುತ್ತಿತ್ತು. ಐವತ್ತೆಂಟು ಆಯಿತು. ಎಪ್ಪತ್ತೊಂದಕ್ಕೆ ಬಂದು ನಿಂತಿತು.

"ಮ್ಯಾಲೆ ಏರವಲ್ದು. ಇವರೆಲ್ಲಾ ಮಾಸ್ಕ್ ಕಿತ್ತಾರ, ನಾ ಒಬ್ಬಾಕಿ ಯಾರನ್ನಂತ ನೋಡ್ಲಿ?" ಶೈಲಜಾಳ ದನಿ ಒಡೆಯಿತು. "ಹೊರಗಿನ ಗದ್ದಲ ಮೊದಲ ನಿಂದ್ರಸು, ಯವ್ವಾ!"

ಸುಭಾನಬಿ ಹೊರಗೆ ಬಂದಳು. ಕೈಯಲ್ಲಿ ಸಿಲಿಂಡರಿನ ಪಾನಾ. ಸೀದಾ ಹೋಗಿ ಸಂಗನಬಸವನ ಮುಂದೆ ನಿಂತು ಮಾಸ್ಕನ್ನು ಗದ್ದಕ್ಕಿಳಿಸಿದಳು. ಮೊಬೈಲು ಆಕೆಯ ಮುಖಕ್ಕೆ ತಿರುಗಿತು.

"ನಿಲ್ಲಸ್ರೀ! ಒಳಗಿನವರು ಸಾಯಾಕತ್ತಾರ, ನೀವು ಬಾಜಾ ಬಾರಸ್ತೀರೇನು? ಉಸಿರು ನಿಂತ್ರ ತಾಟು ಬಡೀರಿ ಅಂತ ಹೇಳಿಟ್ಟೀನಿ ಅವರಿಗೆ. ನಿಮ್ಮ ತಾಟಿನಾಗ ಅವರ ತಾಟು ಕೇಳವಲ್ದು!"

ಸದ್ದು ನಿಂತಿತು. ಗುಂಪಿನಿಂದ ಒಬ್ಬ, "ಏ, ಯಾರ ಜೋಡಿ ಮಾತಾಡಾಕತ್ತೀ ಗೊತ್ತೈತೇನು? ಗೌರವಾ ಮಾಡಾಕ ಬಂದವ್ರಿಗೆ ಹಿಂಗಾ?" ಎಂದ.

"ಗೌರವಾ ಆಮ್ಯಾಲೆ ಮಾಡಂತಿ ತಮ್ಮಾ. ಮೊದಲ ಅವರು ಬದುಕ್ಲಿ."

ಸಂಗನಬಸವನ ಮುಖ ಕೆಂಪಾಯಿತು. ಹಾರ ಕೈಯಲ್ಲೇ ಇತ್ತು. ಅದನ್ನು ಮ್ಯಾನೇಜರಿನ ಕೈಗೆ ತುರುಕಿ ಗಾಡಿ ಹತ್ತಿದ. ಅವನ ಹಿಂದೆ ಬಳಗ ಹೋಯಿತು. ಅದೇ ಹೊತ್ತಿಗೆ ಬಳ್ಳಾರಿ ಕಡೆಯಿಂದ ಹದಿನೆಂಟು ಸಿಲಿಂಡರ್ ಹೊತ್ತ ಗಾಡಿ ಗೇಟಿಗೆ ಬಂದು ಹಾರ್ನ್ ಹಾಕಿತು. ಡ್ರೈವರ್ ಒಬ್ಬನೇ, ಇಳಿಸುವವರು ಯಾರೂ ಇಲ್ಲ.

ಸುಭಾನಬಿ ಉಳಿದವರನ್ನು ನೋಡಿದಳು. "ಕೈ ಖಾಲಿ ಅದಾವಲ್ಲ ನಿಮ್ಮವು? ಇಳಸ್ರಿ ಇವನ್ನ."

ಇದ್ದವರು ಹದಿನೈದು ಜನ. ಹನ್ನೊಂದು ಜನ ಒಳಗೆ ಕೊರೊನಾ ಇದೆಯೆಂದು ನೆಲ ನೋಡುತ್ತ, ಊಟದ ಪ್ಯಾಕೆಟ್ ನೆನಪು ಮಾಡಿಕೊಳ್ಳುತ್ತ ಗೇಟು ದಾಟಿದರು. ಅವರನ್ನು ಬೈಯುವುದು ಸುಲಭ. ಅವರ ಮನೆಯಲ್ಲೂ ಕೂಸುಗಳಿದ್ದವು. ನಾಲ್ವರು ಉಳಿದರು. ಮುಂದೆ ಬಂದವನು ಜಬೀವುಲ್ಲಾ, ಮೂವತ್ತು ವರ್ಷ ಚೀಲ ಹೊತ್ತು ಹೆಗಲು ದಡ್ಡುಗಟ್ಟಿದ ಹಮಾಲ. ತಾಟನ್ನು ಗೋಡೆಗೆ ಆನಿಸಿಟ್ಟು ಸಿಲಿಂಡರಿಗೆ ಕೈ ಹಾಕಲು ಹೋದ.

"ತಡೀ! ದೀಪದ ಎಣ್ಣೀ ಮುಟ್ಟೀಯೇನು? ಸೋಪು ಹಚ್ಚಿ ತೊಳಕೋ ಮೊದಲ."

"ತೊಳಕೋತೀನಬೇ ಯಕ್ಕಾ, ಹೊಡೀಬ್ಯಾಡ. ನಿನ್ನ ಕೈಯಾಗ ಪಾನಾ ಐತಿ," ಎಂದು ಅವನು ನಳದ ಕಡೆ ನಡೆದ.

ಕತ್ತಲಾಗುವುದರೊಳಗೆ ಹದಿನೆಂಟೂ ವೇದಿಕೆ ಸೇರಿದವು. ಗದ್ದಲ ಶಾಂತವಾದ ಮೇಲೆ ರೋಗಿಗಳು ಒಬ್ಬೊಬ್ಬರೇ ಮಾಸ್ಕ್ ಹಾಕಿಕೊಂಡು ಮಲಗಿದರು. ಶೇಖರಮ್ಮನ ಬೆರಳಿನ ಮೇಲೆ ಎಂಬತ್ತೊಂಬತ್ತು ಕಂಡಾಗ ಸುಭಾನಬಿ ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತಳು.

ಅಷ್ಟರಲ್ಲಿ ವಿಡಿಯೋ ಮಸ್ಕಿ, ಲಿಂಗಸುಗೂರು ದಾಟಿತ್ತು. "ಈ ತಾಯಿಗೆ ದೊಡ್ಡ ನಮಸ್ಕಾರ" ಎಂದು ಬರೆದವರಿದ್ದರು. "ಆಯಾಗೆ ಇಷ್ಟು ಸೊಕ್ಕೇ" ಎಂದವರಿದ್ದರು. ಹೆಸರು ಕೇಳಿ ತಿಳಿದುಕೊಂಡು, ಆ ಹೆಸರಿಗೇ ಬೈದವರೂ ಇದ್ದರು. ಆ ಹೆಸರಿನವಳ ಕೈಯಿಂದ ಉಸಿರಾಡುತ್ತಿದ್ದ ಹನ್ನೆರಡು ಜನರ ಹೆಸರುಗಳನ್ನು ಅವರು ಯಾರೂ ಕೇಳಿ ತಿಳಿದುಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಮ್ಯಾನೇಜರು ಒಂದು ಹಾಳೆ ತಂದ.

"ಸೈ ಮಾಡಬೇ. ತಪ್ಪಾತು ಅಂತ ಬರದೀನಿ, ಅಷ್ಟಽ. ಅಕ್ಕಿ ಬಂದ್ ಮಾಡ್ತೀನಿ ಅನ್ನಾಕತ್ಯಾರ ಸಾಹೇಬ್ರು."

ಸುಭಾನಬಿ ಹಾಳೆ ನೋಡಿದಳು, ಅವನ ಮುಖ ನೋಡಿದಳು. ಅಕ್ಕಿಯ ಮಾತು ಸುಳ್ಳಲ್ಲ. ಮೂವತ್ತು ಜನರ ಊಟ ಅದು.

"ಮಾಡ್ತೀನ್ರಿ. ನನ್ನ ಸೈಗೆ ಏನ್ ಐತಿ. ಆದ್ರ ಇದನ್ನ ಮೊದಲ ಏಳನೇ ಮಂಚದಾಕಿ ಮುಂದ ಓದಿ ಬರ್ರಿ. ಆಕಿ ಹೂಂ ಅಂದ್ರ ಮಾಡ್ತೀನಿ."

ಇದು ಒಂದು ಮಾತೇ ಎಂಬಂತೆ ಅವನು ಹೋದ. ಶೇಖರಮ್ಮ ದಿಂಬಿಗೆ ಒರಗಿ ಅರ್ಧ ಕೂತಿದ್ದಳು. ಕಣ್ಣು ಗುಳಿ ಬಿದ್ದಿದ್ದವು, ಬಾಯಿ ಮಾತ್ರ ವಾಪಸ್ಸು ಬಂದಿತ್ತು.

"ಏನದು... ಓದು. ಕೇಳ್ತೀನಿ."

ಅವನು ಓದಿದ. "ಗೌರವಾನ್ವಿತರು ನೀಡಲು ಬಂದ ಸನ್ಮಾನಕ್ಕೆ ಅಡ್ಡಿಪಡಿಸಿದ್ದಕ್ಕಾಗಿ ನಾನು..."

ಶೇಖರಮ್ಮ ಮಾಸ್ಕನ್ನು ಒಂದು ಬೆರಳು ಸರಿಸಿದಳು.

"ಅಡ್ಡಿ ಪಡಿಸಿದ್ದಕ್ಕ... ನಾ ಇಲ್ಲಿ ಕುಂತೀನಿ. ಹೂಂ, ಮುಂದ ಓದು."

ಅವನು ಹಾಳೆ ನೋಡುತ್ತ ನಿಂತ. ಎರಡನೇ ಸಾಲನ್ನು ಬರೆದವನು ಅವನೇ, ಅಕ್ಷರವೂ ದುಂಡಗಿತ್ತು. ಓದಲಾಗಲಿಲ್ಲ.